ನಮ್ಮನ್ನು ಯಾರು ಕೇಳಿದ್ರು?

ಪೇಪರಿನಲ್ಲಿ ಆಗಾಗ ಆರೋಗ್ಯ ಸಮೀಕ್ಷೆಯ ಒಂದು ಸುದ್ದಿ ಬರುತ್ತದೆ. ಕರ್ನಾಟಕದ ಹೆಂಗಸರಲ್ಲಿ ಇಷ್ಟು ಶೇಕಡಾ ಜನರಿಗೆ ರಕ್ತ ಕಮ್ಮಿ, ಇಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ, ಈ ಜಿಲ್ಲೆ ಮೇಲೆ, ಆ ಜಿಲ್ಲೆ ಕೆಳಗೆ. ಅದನ್ನು ಓದಿದವರು ನಮ್ಮ ಕೊಡಗಿನ ಕಡೆ ಹೇಳುವ ಮೊದಲ ಮಾತು ಒಂದೇ. "ನಮ್ಮನ್ನು ಯಾರು ಕೇಳಿದ್ರು?" ಮದುವೆ ಮನೆಯಲ್ಲಿ ಊಟಕ್ಕೆ ಕಾಯುವಾಗ ಇದೇ ಮಾತು, ಗ್ರಾಮಸಭೆಯಲ್ಲಿ ಇದೇ ಮಾತು, ವಾಟ್ಸಾಪ್ ಗುಂಪಿನಲ್ಲಂತೂ ಕೇಳಲೇಬೇಡಿ. ಅದರ ಹಿಂದೆಯೇ ಎರಡನೇ ಮಾತು: "ಎಲ್ಲಾ ಆಫೀಸಲ್ಲಿ ಕೂತು ಬರೆಯೋದು ಬಿಡಿ." ಅಲ್ಲಿಗೆ ವಿಷಯ ಮುಗಿದು ಮಾತು ಕಾಫಿ ರೇಟಿಗೋ ಆನೆಗೋ ಹೊರಳುತ್ತದೆ. ನನಗೆ ಮಾತ್ರ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ಯಾಕೆಂದರೆ ಸಮೀಕ್ಷೆಯವರು ಕೇಳಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಯಾರನ್ನು ಕೇಳಲಿಲ್ಲ ಎನ್ನುವುದನ್ನೂ ಸ್ವಲ್ಪ ನೋಡಿದ್ದೇನೆ.

ಮೊದಲು ಲೆಕ್ಕ ನೋಡೋಣ. ನಾನು ಹೇಳುತ್ತಿರುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವಿಷಯ, ಎಲ್ಲರೂ ಎನ್‌ಎಫ್‌ಎಚ್‌ಎಸ್ ಅನ್ನುತ್ತಾರಲ್ಲ, ಅದು. 1992-93ರಲ್ಲಿ ಶುರುವಾದದ್ದು. ಕೇಂದ್ರ ಆರೋಗ್ಯ ಇಲಾಖೆಗಾಗಿ ಮುಂಬೈನ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದನ್ನು ನಡೆಸುತ್ತದೆ. ಐದನೇ ಸುತ್ತು, ಅಂದರೆ 2019-21ರದ್ದು, 707 ಜಿಲ್ಲೆಗಳಲ್ಲಿ 6,36,699 ಮನೆಗಳಿಗೆ ಹೋಗಿತ್ತು. ಭಾಗಿಸಿ ನೋಡಿ, ಜಿಲ್ಲೆಗೆ ಸರಾಸರಿ ಒಂಬೈನೂರು ಮನೆ. ಕೊಡಗಿನ ಜನಸಂಖ್ಯೆ 2011ರ ಜನಗಣತಿಯಲ್ಲಿ 5,54,519. ರಾಜ್ಯದಲ್ಲೇ ಅತಿ ಕಡಿಮೆ. ಮನೆಗೆ ನಾಲ್ಕು ಜನ ಅಂತ ಇಟ್ಟುಕೊಂಡರೂ ಒಂದು ಲಕ್ಷ ಮೂವತ್ತೆಂಟು ಸಾವಿರ ಮನೆ ಆಯಿತು. ಅಂದರೆ ನೂರೈವತ್ತು ಮನೆಗೆ ಒಂದು ಮನೆ. ಅದೂ ಊರೂರು ಹರಡಿಕೊಂಡು ಅಲ್ಲ. ಮೊದಲು ಕೆಲವು ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಆ ಹಳ್ಳಿಯ ಎಲ್ಲ ಮನೆಗಳ ಪಟ್ಟಿ, ನಕ್ಷೆ ಮಾಡುತ್ತಾರೆ. ಅದರಿಂದ 22 ಮನೆ ಆರಿಸುತ್ತಾರೆ. ಆರಿಸಿದ ಮನೆಗೆ ಬೀಗ ಇದ್ದರೆ ಮತ್ತೆ ಮತ್ತೆ ಬರಬೇಕು. ಪಕ್ಕದ ಮನೆಯವರು ಒಳ್ಳೆಯ ಕಾಫಿ ಕೊಡುತ್ತಾರೆ ಅಂತ ಅಲ್ಲಿ ಕೂತು ಬರೆದುಕೊಂಡು ಹೋಗುವ ಹಾಗಿಲ್ಲ. ಹಾಗಾಗಿ ನಿಮ್ಮ ಜೀವಮಾನದಲ್ಲಿ ಇವರು ನಿಮ್ಮ ಮನೆಗೆ ಬರದೇ ಇರುವ ಸಾಧ್ಯತೆಯೇ ಜಾಸ್ತಿ. ಅದರಿಂದ ಸಮೀಕ್ಷೆ ಸುಳ್ಳು ಅಂತ ಆಗುವುದಿಲ್ಲ.

ಕಾಫಿ ಮಾರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ವ್ಯಾಪಾರಿ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆಗೆ ಚುಚ್ಚಿ ಒಂದು ಹಿಡಿ ತೆಗೆಯುತ್ತಾನೆ, ಹೊಟ್ಟು ಬಿಡಿಸಿ ತೂಗುತ್ತಾನೆ, ಓಟಿ ಇಷ್ಟು, ಅಂದರೆ ಮೂಟೆಯಲ್ಲಿ ಬರುವ ಬೀಜ ಇಷ್ಟು ಅನ್ನುತ್ತಾನೆ. ಆ ಒಂದು ಹಿಡಿಯ ಮೇಲೆ ಇಡೀ ಲೋಡಿನ ರೇಟು ನಿಲ್ಲುತ್ತದೆ. ನಾವು ಜಗಳ ಆಡುವುದು ಸ್ಯಾಂಪಲ್ ಯಾಕೆ ತೆಗೆದೆ ಅಂತ ಅಲ್ಲ. ಯಾವ ಮೂಟೆಯಿಂದ ತೆಗೆದೆ ಅಂತ. ಆರೋಗ್ಯ ಸಮೀಕ್ಷೆಯ ಜೊತೆಗೂ ನಾವು ಆಡಬೇಕಾದ ಜಗಳ ಅದೇ. ಆದರೆ ಅದನ್ನು ಯಾರೂ ಆಡುವುದಿಲ್ಲ.

ಫ್ಯಾನ್ ಇಲ್ಲದ ಮನೆ

2019ರ ಮಳೆಗಾಲ ನೆನಪಿರಬಹುದು. ಹಿಂದಿನ ವರ್ಷದ ಭೂಕುಸಿತದ ಮನೆಗಳೇ ಇನ್ನೂ ಎದ್ದಿರಲಿಲ್ಲ, ಅಷ್ಟರಲ್ಲಿ ಆಗಸ್ಟಿನಲ್ಲಿ ತೋರ ಎಂಬ ಊರಲ್ಲಿ ಮತ್ತೆ ಗುಡ್ಡ ಕುಸಿದು ಬಂತು. ಕರ್ನಾಟಕದಲ್ಲಿ ಐದನೇ ಸುತ್ತಿನ ಸಮೀಕ್ಷೆ ನಡೆದದ್ದು ಆ ವರ್ಷದ ಜುಲೈನಿಂದ ಡಿಸೆಂಬರ್ ತನಕ. ಅವರು ಮಾದಾಪುರ ಕಡೆಯ ನಮ್ಮ ಚಿಕ್ಕಮ್ಮನ ಮನೆಗೆ ಬಂದಾಗ ಮಳೆ ಕೊಂಚ ಬಿಟ್ಟಿತ್ತು. ನಾನು ಅಲ್ಲೇ ಇದ್ದೆ. ಇಬ್ಬರು ಹುಡುಗಿಯರು, ಕೈಯಲ್ಲಿ ಟ್ಯಾಬ್, ಬೆನ್ನಿಗೆ ದೊಡ್ಡ ಬ್ಯಾಗು, ಎತ್ತರ ಅಳೆಯುವ ಕೋಲು. ಸಾಕ್ಸಿನ ಮೇಲೆ ಜಿಗಣೆ. ಚಿಕ್ಕಮ್ಮ ಮೊದಲು ಉಪ್ಪು ತಂದು ಜಿಗಣೆ ಬಿಡಿಸಿದರು, ಆಮೇಲೆ ಕಾಫಿ, ಆಮೇಲೆ "ಏನು ಕೇಳಬೇಕೋ ಕೇಳಿ" ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂತರು. ಯಾರಾದರೂ ಬಂದು ತಮ್ಮ ಆರೋಗ್ಯ ಕೇಳುತ್ತಾರೆ ಅಂದರೆ ಅವರಿಗೆ ಹಬ್ಬ.

ಕೇಳಿದ್ದು ಬೇರೆಯೇ. ನೀರು ಎಲ್ಲಿಂದ ಬರುತ್ತದೆ, ನೆಲ ಯಾವುದು, ಮಾಡು ಯಾವುದು, ಕಕ್ಕಸು ಇದೆಯಾ, ನಿನ್ನೆ ರಾತ್ರಿ ಈ ಮನೆಯಲ್ಲಿ ಯಾರ್ಯಾರು ಮಲಗಿದ್ದರು. ಆಮೇಲೆ ಸಾಮಾನಿನ ಪಟ್ಟಿ. ಕುಕ್ಕರ್ ಇದೆಯಾ, ಕುರ್ಚಿ ಇದೆಯಾ, ಮಂಚ ಇದೆಯಾ, ಟಿವಿ ಇದೆಯಾ, ಫ್ರಿಜ್ ಇದೆಯಾ. "ಫ್ಯಾನ್ ಇದೆಯಾ?" ಅಂದಾಗ ಚಿಕ್ಕಮ್ಮ ನಕ್ಕರು. "ಇಲ್ಲಿ ಫ್ಯಾನ್ ಯಾರಿಗಮ್ಮ ಬೇಕು? ಕಂಬಳಿ ಎಷ್ಟಿದೆ ಕೇಳು, ಹೇಳ್ತೀನಿ." ಕಂಬಳಿಗೆ ಕಾಲಂ ಇರಲಿಲ್ಲ. ಹುಡುಗಿ 'ಇಲ್ಲ' ಅಂತ ಒತ್ತಿ ಮುಂದಕ್ಕೆ ಹೋದಳು.

ಈ ಪಟ್ಟಿ ಸುಮ್ನೆ ಕುತೂಹಲಕ್ಕೆ ಕೇಳುವುದಲ್ಲ. ಸಮೀಕ್ಷೆಯವರು ಯಾರ ಸಂಬಳವನ್ನೂ ಕೇಳುವುದಿಲ್ಲ, ಕೇಳಿದರೆ ನಿಜ ಹೇಳುವವರು ಯಾರು? ಅದರ ಬದಲು ಮನೆಯ ಸಾಮಾನು, ಗೋಡೆ, ನೀರು, ಉರುವಲು ಎಲ್ಲ ಸೇರಿಸಿ ಒಂದು ಅಂಕ ಕಟ್ಟುತ್ತಾರೆ. ಆ ಅಂಕದ ಮೇಲೆ ದೇಶದ ಮನೆಗಳನ್ನೆಲ್ಲ ಬಡವರಿಂದ ಶ್ರೀಮಂತರ ತನಕ ಐದು ಪಾಲು ಮಾಡುತ್ತಾರೆ. "ಬಡ ಮನೆಗಳಲ್ಲಿ ಮಕ್ಕಳ ತೂಕ ಹೀಗಿದೆ, ಅನುಕೂಲಸ್ಥರ ಮನೆಗಳಲ್ಲಿ ಹೀಗಿದೆ" ಅಂತ ವರದಿ ಹೇಳುವುದು ಇದರ ಆಧಾರದ ಮೇಲೆ. ರಾಯಚೂರಿನಲ್ಲಿ ಫ್ಯಾನ್ ಇಲ್ಲದ ಮನೆ ಅಂದರೆ ಅದಕ್ಕೊಂದು ಅರ್ಥ ಇದೆ. ಮಡಿಕೇರಿಯಲ್ಲಿ ಏನೂ ಅರ್ಥ ಇಲ್ಲ. ಚಿಕ್ಕಮ್ಮನ ಮನೆಯಲ್ಲಿ ಜೀಪು, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲ ಇತ್ತು, ಹಾಗಾಗಿ ಒಂದು ಫ್ಯಾನಿನಿಂದ ಅವರೇನೂ ಬಡವರ ಪಾಲಿಗೆ ಬೀಳಲಿಲ್ಲ ಬಿಡಿ. ಉರುವಲಿನ ಕಥೆಯೂ ಹೀಗೇ. ಗ್ಯಾಸ್ ಇದೆ. ಆದರೆ ತೋಟದ ಮರದ ಕೊಂಬೆ ಕಡಿದಾಗ ಸಿಗುವ ಸೌದೆ ಕೊಟ್ಟಿಗೆ ತುಂಬ ಬಿದ್ದಿರುವಾಗ, ಮಳೆಗಾಲದಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲೆಯೇ ಆಗಿರುವಾಗ, ಒಲೆ ಆರಿಸುವವರು ಯಾರು? ಹೊಗೆ ಕಣ್ಣಿಗೆ, ಶ್ವಾಸಕ್ಕೆ ಕೆಟ್ಟದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ಕೊಡಗಿನಲ್ಲಿ ಒಲೆ ಉರಿಯುವುದಕ್ಕೆ ಬಡತನ ಒಂದೇ ಕಾರಣ ಅಲ್ಲ.

ಉಪ್ಪಿನ ಪರೀಕ್ಷೆ ಮಾತ್ರ ಚಿಕ್ಕಮ್ಮನಿಗೆ ಬಹಳ ಇಷ್ಟ ಆಯಿತು. ಅಡುಗೆ ಮನೆಯ ಉಪ್ಪು ಒಂದು ಚಿಟಿಕೆ ತಂದು ಅದರ ಮೇಲೆ ಒಂದು ಹನಿ ದ್ರಾವಣ ಬಿಟ್ಟರು. ಬಿಳಿ ಉಪ್ಪು ನೇರಳೆ ಬಣ್ಣಕ್ಕೆ ತಿರುಗಿತು. ಅಯೋಡಿನ್ ಇದೆ ಅಂತ ಅರ್ಥ. "ಹಂದಿಗೆ ಹಾಕೋ ಕಲ್ಲುಪ್ಪು ಬೇರೆ ಇದೆ, ಅದನ್ನೂ ನೋಡ್ತೀಯಾ?" ಅಂತ ಕೇಳಿದರು. ನೋಡಲಿಲ್ಲ.

ಅಷ್ಟು ಹೊತ್ತಿಗೆ ಒಂದು ತಮಾಷೆ ಆಯಿತು. ತಮಾಷೆಯೋ ಬೇಜಾರೋ ಗೊತ್ತಿಲ್ಲ. ಉದ್ದದ ಸಂದರ್ಶನ ಇರುವುದು 15ರಿಂದ 49 ವರ್ಷದ ಹೆಂಗಸರಿಗೆ. ಚಿಕ್ಕಮ್ಮನಿಗೆ ಅರವತ್ತು ದಾಟಿತ್ತು. ಚಿಕ್ಕಪ್ಪನಿಗೆ ಇನ್ನೂ ಜಾಸ್ತಿ. ಮಕ್ಕಳಿಬ್ಬರೂ ಬೆಂಗಳೂರು. ಆ ಮನೆಯಲ್ಲಿ ಕೇಳುವುದಕ್ಕೆ ಸರಿಯಾದ ವಯಸ್ಸಿನವರು ಯಾರೂ ಇಲ್ಲ! ಬಿಪಿ ನೋಡಿದರು. ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಮೂರು ಸಲ ನೋಡುತ್ತಾರೆ. ಹೊಸಬರನ್ನು ಕಂಡ ಗಾಬರಿಗೆ ಮೊದಲ ಸಲ ಏರಿರುತ್ತದೆ ಅಂತ ಅದನ್ನು ಬಿಟ್ಟು ಉಳಿದ ಎರಡರ ಸರಾಸರಿ ಹಿಡಿಯುತ್ತಾರೆ. ಬೆರಳು ಚುಚ್ಚಿ ಸಕ್ಕರೆ ನೋಡಿದರು. ಚಿಕ್ಕಮ್ಮ ಮಂಡಿ ನೋವಿನ ಕಥೆ ಶುರು ಮಾಡಿದರು, ಮಗಳು ಸ್ಕ್ಯಾನಿಂಗ್ ಮಾಡಿಸು ಅಂದದ್ದು, ಮಗ ಫೋನ್ ಮಾಡಿ ವಾರ ಆದದ್ದು, ರಾತ್ರಿ ನಿದ್ದೆ ಬರದೇ ಇರುವುದು. ಆ ಹುಡುಗಿ ಒಳ್ಳೆಯವಳು, ಟ್ಯಾಬ್ ಪಕ್ಕಕ್ಕಿಟ್ಟು ಕೇಳಿಸಿಕೊಂಡಳು. ಬರೆದುಕೊಳ್ಳುವುದಕ್ಕೆ ಅವಳಿಗೆ ಜಾಗ ಇರಲಿಲ್ಲ.

ಅವರು ಹೋದ ಮೇಲೆ ಚಿಕ್ಕಮ್ಮನ ಕಂಪ್ಲೇಂಟ್ ಶುರುವಾಯಿತು. "ಆರೋಗ್ಯ ಸಮೀಕ್ಷೆ ಅಂತೆ. ನನ್ನ ಆರೋಗ್ಯ ಎಲ್ಲಿ ಕೇಳಿದ್ರು?" ಇದಕ್ಕೆ ಉತ್ತರ ಸಮೀಕ್ಷೆಯ ಹುಟ್ಟಿನಲ್ಲಿದೆ. 1992ರಲ್ಲಿ ದಿಲ್ಲಿಗೆ ಇದ್ದ ಚಿಂತೆ ಹೆರಿಗೆ, ಕುಟುಂಬ ಯೋಜನೆ, ಹುಟ್ಟಿದ ಮಗು ಉಳಿಯುವುದು. ಪ್ರಶ್ನೆಗಳು ಆ ಚಿಂತೆಯ ಸುತ್ತ ಬೆಳೆದವು. ಬಿಪಿ, ಸಕ್ಕರೆ ಸೇರಿದ್ದು ನಾಲ್ಕನೇ ಸುತ್ತಿನಲ್ಲಿ, 2015-16ರಲ್ಲಿ. ಸೊಂಟದ ಅಳತೆ ಐದನೆಯದರಲ್ಲಿ. ಅಷ್ಟರಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಹುಟ್ಟುವ ಮಕ್ಕಳ ಸರಾಸರಿ 1.7ಕ್ಕೆ ಇಳಿದಿತ್ತು, ಇಡೀ ದೇಶದ್ದು 2.0. ಕೊಡಗಿನ ಊರುಗಳಲ್ಲಿ ಒಂದು ಸುತ್ತು ಹಾಕಿದರೆ ಅಂಕಿ ಅಂಶ ಬೇಕಾಗುವುದೇ ಇಲ್ಲ: ದೊಡ್ಡ ಮನೆ, ಎರಡು ನಾಯಿ, ಇಬ್ಬರು ಮುದುಕರು. ಅವರಿಗಾಗಿ ಬೇರೆ ಸಮೀಕ್ಷೆ ಇದೆ. ಲಾಸಿ ಅಂತ, 45 ದಾಟಿದವರದ್ದು. 2017-18ರಲ್ಲಿ ದೇಶದಲ್ಲಿ 72 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದರು. ಅದರಲ್ಲಿ ಕೀಲು ನೋವೂ ಇದೆ, ನಿದ್ದೆಯೂ ಇದೆ, ಒಂಟಿತನವೂ ಇದೆ. ಆದರೆ ಅದು ಜಿಲ್ಲೆ ಜಿಲ್ಲೆಯ ಲೆಕ್ಕ ಕೊಡುವುದಿಲ್ಲ. ಪೇಪರಿನಲ್ಲಿ 'ಜಿಲ್ಲೆಯ ಆರೋಗ್ಯ' ಅಂತ ಬರುವುದೆಲ್ಲ ಬಹುಮಟ್ಟಿಗೆ ಎನ್‌ಎಫ್‌ಎಚ್‌ಎಸ್‌ನದ್ದು. ಹಾಗಾಗಿ ಚಿಕ್ಕಮ್ಮನಂಥವರ ಮಂಡಿ ನೋವು ಜಿಲ್ಲೆಯ ಆರೋಗ್ಯದಲ್ಲಿ ಇಲ್ಲ.

ಲೈನಿನಲ್ಲಿ

ಅದೇ ಊರಿನ ಪಟ್ಟಿಯಲ್ಲಿ ಪಕ್ಕದ ಎಸ್ಟೇಟಿನ ಲೈನ್ ಮನೆಗಳೂ, ಅಂದರೆ ಕೂಲಿಯವರು ಇರುವ ಸಾಲು ಮನೆಗಳೂ ಇದ್ದವು. ದಾರಿ ತೋರಿಸೋಕೆ ನಾನು ಜೊತೆಗೆ ಹೋದೆ. ಗೇಟಿನಲ್ಲಿ ರೈಟರ್, ಅಂದರೆ ಎಸ್ಟೇಟಿನ ಗುಮಾಸ್ತ, ತಡೆದ. ಯಾರು, ಏನು, ಯಾವ ಇಲಾಖೆ, ಕೂಲಿ ಎಷ್ಟು ಸಿಗುತ್ತೆ ಅಂತೆಲ್ಲ ಇವರನ್ನು ಕೇಳ್ತೀರಾ ಅಂದ. ಕೂಲಿ ಕೇಳುವುದಿಲ್ಲ, ಮಗುವಿಗೆ ಲಸಿಕೆ ಆಗಿದೆಯಾ ಅಂತ ಕೇಳುತ್ತೇವೆ ಅಂದ ಮೇಲೆ, ಎಸ್ಟೇಟಿನ ದೊರೆಗಳಿಗೆ ಫೋನ್ ಮಾಡಿ, ಕೊನೆಗೆ ಬಿಟ್ಟ. ಸರ್ಕಾರದ ಪತ್ರ ಕೈಯಲ್ಲಿದ್ದರೂ ಹೀಗೆ. ಒಬ್ಬ ರೈಟರ್ ಬೇಡ ಅಂದಿದ್ದರೆ ಒಂದು ಲೈನ್ ಪೂರ್ತಿ ಲೆಕ್ಕದಿಂದ ಹೊರಗೆ.

ಲೈನಿನಲ್ಲಿ ಅರ್ಧ ಬಾಗಿಲಿಗೆ ಬೀಗ. ಇದು ಮುಖ್ಯ ವಿಷಯ, ಮತ್ತೆ ಬರುತ್ತೇನೆ.

ತೆರೆದಿದ್ದ ಒಂದು ಮನೆಯಲ್ಲಿ ಎರವ ಬುಡಕಟ್ಟಿನ ಹೆಂಗಸು. ಇಪ್ಪತ್ತೈದು ಇರಬಹುದು, ಎರಡು ಮಕ್ಕಳು. ಸಂದರ್ಶನ ಒಳಗೆ. ಬೇರೆ ಯಾರೂ ಇರಬಾರದು ಅಂತ ನಿಯಮ, ನಾನು ಹೊರಗೆ ಜಗಲಿಯಲ್ಲಿ. ಆದರೆ ಲೈನ್ ಮನೆ ನೋಡಿದವರಿಗೆ ಗೊತ್ತು, ಗೋಡೆ ಮಾಡಿನ ತನಕ ಹೋಗಿರುವುದಿಲ್ಲ. ಮೂರನೇ ಮನೆಯಲ್ಲಿ ಕೆಮ್ಮಿದರೆ ಮೊದಲ ಮನೆಗೆ ಕೇಳುತ್ತದೆ. ಒಳಗಿನ ಪ್ರಶ್ನೆಯೆಲ್ಲ ಹೊರಗೆ ಕೇಳಿಸುತ್ತಿತ್ತು. ಸೂಪರ್ವೈಸರ್ ನನ್ನನ್ನು ನೋಡಿ, ದೂರ ಹೋಗಿ ನಿಲ್ಲಿ ಅಂತ ಕೈಸನ್ನೆ ಮಾಡಿದಳು. ಸರಿಯೇ. ಹೋಗಿ ಸಿಲ್ವರ್ ಓಕ್ ಮರದ ಬುಡದಲ್ಲಿ ನಿಂತೆ. ನಾನು ದೂರ ಹೋದೆ, ಆದರೆ ಪಕ್ಕದ ಮನೆಯವರು ಎಲ್ಲಿಗೆ ಹೋಗಬೇಕು?

ರಕ್ತ ಪರೀಕ್ಷೆ ಬೆಳಕು ಬೇಕು ಅಂತ ಜಗಲಿಯಲ್ಲೇ ಮಾಡಿದರು, ಅದು ಕಂಡಿತು. ಆ ಹೆಂಗಸಿನ ಕೈ ತಣ್ಣಗಿತ್ತು, ಬೆಳಗ್ಗೆಯಿಂದ ಒದ್ದೆ ಗಿಡದಲ್ಲಿ ಕೆಲಸ ಮಾಡಿ ಬಂದ ಕೈ. ಬೆರಳು ಚುಚ್ಚಿದರೆ ರಕ್ತ ಬರಲಿಲ್ಲ. ಹಿಂಡಿದರೆ ಬರುತ್ತದೆ, ಆದರೆ ಹಿಂಡಬಾರದು. ಹಿಂಡಿದರೆ ರಕ್ತದ ಜೊತೆ ಚರ್ಮದ ಒಳಗಿನ ನೀರೂ ಸೇರಿ, ಯಂತ್ರ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ. ಆ ಪರೀಕ್ಷೆಯ ಹುಡುಗಿ ತನ್ನ ಎರಡೂ ಕೈಯಲ್ಲಿ ಅವಳ ಕೈ ಹಿಡಿದು ಉಜ್ಜಿ ಬೆಚ್ಚಗೆ ಮಾಡಿದಳು. ಮಾತು ಇಲ್ಲ, ಇಬ್ಬರೂ ಬೆರಳನ್ನೇ ನೋಡುತ್ತಿದ್ದರು. ಮತ್ತೆ ಚುಚ್ಚಿದಳು. ಮೊದಲ ಹನಿಗಳನ್ನು ಒರೆಸಿ ಆಮೇಲಿನ ಹನಿಯನ್ನು ಪುಟ್ಟ ಪ್ಲಾಸ್ಟಿಕ್ ಚಿಪ್ಪಿಗೆ ಹೀರಿಸಿ ಯಂತ್ರಕ್ಕೆ ತಳ್ಳಿದಳು. ಒಂದು ನಿಮಿಷದ ಒಳಗೆ ಹಿಮೋಗ್ಲೋಬಿನ್ ನಂಬರ್ ಬಂತು. ಒಂಬತ್ತು ಚಿಲ್ಲರೆ. "ರಕ್ತ ಕಮ್ಮಿ ಇದೆ ಅಕ್ಕಾ, ಆಸ್ಪತ್ರೆಗೆ ಹೋಗಿ ತೋರಿಸಿ" ಅಂತ ಕಾರ್ಡಿನಲ್ಲಿ ಬರೆದು ಕೊಟ್ಟಳು. ಪಕ್ಕದ ಮನೆಯ ಅಜ್ಜಿ ಅಲ್ಲಿಂದಲೇ ಹೇಳಿದಳು: "ನಮಗೆ ಯಾವಾಗ ಜಾಸ್ತಿ ಇತ್ತು?"

ಗರ್ಭಿಣಿ ಅಲ್ಲದ ಹೆಂಗಸಿಗೆ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಐದನೇ ಸುತ್ತಿನಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ 57 ಜನ ಅದರ ಕೆಳಗೆ, ಕರ್ನಾಟಕದಲ್ಲಿ 47.8. ನಾಲ್ಕನೇ ಸುತ್ತಿನಲ್ಲಿ ನಮ್ಮದು 44.8 ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ 60.9 ಇದ್ದದ್ದು 65.5 ಆಯಿತು. ಇಷ್ಟೆಲ್ಲ ಕಬ್ಬಿಣದ ಮಾತ್ರೆ ಹಂಚಿದ ಮೇಲೂ ಏರಿತಾ ಅಂತ ದೊಡ್ಡ ಗಲಾಟೆ ಆಯಿತು. ಬೆರಳಿನ ರಕ್ತದ ಪರೀಕ್ಷೆಯೇ ಸರಿ ಇಲ್ಲ ಅಂತ ಒಂದು ವಾದ. ಅದು ಬರೀ ನೆಪ ಅಲ್ಲ. 2016-18ರಲ್ಲಿ ಮಕ್ಕಳ ಪೋಷಣೆಗಾಗಿಯೇ ನಡೆದ ಇನ್ನೊಂದು ರಾಷ್ಟ್ರೀಯ ಸಮೀಕ್ಷೆ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ನೋಡಿತು. ದೇಶದ ಪುಟ್ಟ ಮಕ್ಕಳಲ್ಲಿ ರಕ್ತಹೀನತೆ ಸುಮಾರು 41 ಅಂತ ಬಂತು. ಹೆಚ್ಚು ಕಡಿಮೆ ಅದೇ ಹೊತ್ತಿನ ಎನ್‌ಎಫ್‌ಎಚ್‌ಎಸ್ 58 ಚಿಲ್ಲರೆ ಅಂದಿತ್ತು. ಎಷ್ಟು ವ್ಯತ್ಯಾಸ ನೋಡಿ. ಕೊನೆಗೆ ಆರನೇ ಸುತ್ತಿನಿಂದ ರಕ್ತಹೀನತೆಯ ಪರೀಕ್ಷೆಯನ್ನೇ ತೆಗೆದು, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಬೇರೊಂದು ಸಮೀಕ್ಷೆಗೆ ಕೊಟ್ಟರು.

ನಮ್ಮಂಥ ಎತ್ತರದ ಊರಿಗೆ ಇನ್ನೊಂದು ತೊಡಕು ಇದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು, ದೇಹ ರಕ್ತದ ಹಿಮೋಗ್ಲೋಬಿನ್ ಏರಿಸಿಕೊಳ್ಳುತ್ತದೆ. ಹಾಗಾಗಿ ಎತ್ತರದವರ ನಂಬರಿನಲ್ಲಿ ಅಷ್ಟನ್ನು ಕಳೆದು ನೋಡಬೇಕು. ಎನ್‌ಎಫ್‌ಎಚ್‌ಎಸ್ ಹಾಗೆ ಮಾಡುತ್ತಿದ್ದದ್ದು 1,000 ಮೀಟರಿನ ಮೇಲಿನ ಊರುಗಳಿಗೆ. ಮಡಿಕೇರಿ ಆ ಗೆರೆಯ ಮೇಲೆ, ಕುಶಾಲನಗರ ಕೆಳಗೆ. ಒಂದೇ ಜಿಲ್ಲೆ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಎರಡು ಲೆಕ್ಕ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ನಿಯಮ ಬದಲಿಸಿ 500 ಮೀಟರಿನಿಂದಲೇ ಕಳೆಯಿರಿ ಅಂದಿತು. ಆ ಲೆಕ್ಕದಲ್ಲಿ ನೋಡಿದರೆ ಕೊಡಗಿನ ಬಹುಪಾಲು ಊರುಗಳಲ್ಲಿ ಯಾರ ರಕ್ತವೂ ಒಂದು ಹನಿ ಇಳಿಯದೆ ರಕ್ತಹೀನರ ಸಂಖ್ಯೆ ಏರುತ್ತದೆ. ತಪ್ಪಲ್ಲ, ವಿಜ್ಞಾನ ಹಾಗೇ ತಿದ್ದಿಕೊಳ್ಳುತ್ತಾ ಹೋಗಬೇಕು. ಆದರೆ ಎರಡು ಸುತ್ತಿನ ನಂಬರ್ ಪಕ್ಕ ಪಕ್ಕ ಇಟ್ಟು 'ಏರಿತು, ಇಳಿಯಿತು' ಅಂತ ಹೆಡ್ಡಿಂಗ್ ಕೊಡುವವರಿಗೆ ಇದೆಲ್ಲ ಬೇಕಾಗಿಲ್ಲ.

ಆದರೂ ನನಗೆ ಅನ್ನಿಸುವುದು ಇಷ್ಟು. ಬೆರಳೋ ತೋಳೋ, ಸಾವಿರ ಮೀಟರೋ ಐನೂರೋ, ಒಂಬತ್ತು ಇದ್ದ ಆ ಹೆಂಗಸು ಯಾವ ಲೆಕ್ಕದಲ್ಲೂ ಗೆರೆಯ ಕೆಳಗೇ ಬೀಳುತ್ತಾಳೆ. ವಾದ ಎಲ್ಲ 11.5, 12ರ ಆಸುಪಾಸಿನವರ ಬಗ್ಗೆ. ಜೊತೆಗೆ ಯಂತ್ರ ಹೇಳಿದ್ದು ರಕ್ತ ಎಷ್ಟಿದೆ ಅಂತ, ಯಾಕೆ ಕಮ್ಮಿ ಅಂತ ಅಲ್ಲ. ಎರವರಲ್ಲಿ, ಜೇನುಕುರುಬರಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಅದು ಹುಟ್ಟಿನಿಂದ ಬಂದದ್ದು, ಕಬ್ಬಿಣದ ಮಾತ್ರೆ ನುಂಗಿದರೆ ವಾಸಿ ಆಗುವುದಲ್ಲ. ಅದನ್ನು ಹುಡುಕುವುದಕ್ಕೆ ಅಂತಲೇ ರಾಷ್ಟ್ರೀಯ ಯೋಜನೆ ಶುರುವಾದದ್ದು 2023ರ ಜುಲೈ 1ರಂದು. ಸರಾಸರಿಯ ಒಳಗೆ ಹಸಿವು, ಜಂತು, ಹೆರಿಗೆ, ಹುಟ್ಟಿನ ಕಾಯಿಲೆ ಎಲ್ಲ ಒಂದೇ ನಂಬರ್ ಆಗಿ ಕೂತಿರುತ್ತವೆ.

ಚುಕ್ಕಿ ಹಾಕಿದ ಮಕ್ಕಳು

ಜಿಲ್ಲೆಯ ಫ್ಯಾಕ್ಟ್ ಶೀಟ್ ಅಂತ ಒಂದು ಇದೆ, ನಾಲ್ಕೈದು ಪುಟ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಕೆಲವು ನಂಬರ್ ಕಂಸದೊಳಗೆ ಇರುತ್ತವೆ, ಕೆಲವು ಕಡೆ ನಂಬರೇ ಇಲ್ಲದೆ ಬರೀ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಕಂಸ ಅಂದರೆ 25ರಿಂದ 49 ಜನರ ಮೇಲೆ ಕಟ್ಟಿದ ಲೆಕ್ಕ, ಹುಷಾರು. ನಕ್ಷತ್ರ ಅಂದರೆ 25ಕ್ಕಿಂತ ಕಮ್ಮಿ, ಹೇಳುವ ಹಾಗೇ ಇಲ್ಲ. ಹೆರಿಗೆ ಕಮ್ಮಿ ಇರುವ ಸಣ್ಣ ಜಿಲ್ಲೆಯಲ್ಲಿ ಒಂಬೈನೂರು ಮನೆ ಸುತ್ತಿದರೆ ಪುಟ್ಟ ಮಕ್ಕಳು ಸಿಗುವುದೇ ಎಷ್ಟು? ಅವರಲ್ಲಿ ಕಳೆದ ಎರಡು ವಾರದಲ್ಲಿ ಭೇದಿ ಆದವರು ಎಷ್ಟು? ಅವರಲ್ಲಿ ಓಆರ್‌ಎಸ್ ಕುಡಿದವರು ಎಷ್ಟು? ಬೆರಳೆಣಿಕೆ. ಅದಕ್ಕೇ ಆ ನಕ್ಷತ್ರ. ನನಗೆ ಇಡೀ ವರದಿಯಲ್ಲಿ ಬಹಳ ನಂಬಿಕೆ ಹುಟ್ಟಿಸಿದ್ದು ಈ ನಕ್ಷತ್ರಗಳೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆದ ಸರ್ಕಾರಿ ಕಾಗದ ನೀವು ಬೇರೆ ಎಲ್ಲಿ ನೋಡಿದ್ದೀರಿ? ನಂಬರ್ ಇರುವ ಕಡೆಯೂ ನಾಲ್ಕೈದು ಪಾಯಿಂಟ್ ಆ ಕಡೆ ಈ ಕಡೆ ಅಂತಲೇ ಓದಬೇಕು, ಮಕ್ಕಳ ವಿಷಯದಲ್ಲಿ ಇನ್ನೂ ಜಾಸ್ತಿ. ಎಸ್ಸೆಸ್ಸೆಲ್ಸಿ ರಿಸಲ್ಟಿನ ಹಾಗೆ ಜಿಲ್ಲೆಗಳಿಗೆ ರ‍್ಯಾಂಕ್ ಕೊಟ್ಟು, ಕೊಡಗು ಎರಡು ಸ್ಥಾನ ಕುಸಿಯಿತು ಅಂತ ಬರೆಯುವುದು ಶುದ್ಧ ಕಾಲಹರಣ.

ಕುಡಿತದ ಲೆಕ್ಕವನ್ನೂ ಹಾಗೇ ಓದಬೇಕು. 15 ದಾಟಿದವರಲ್ಲಿ ಎಷ್ಟು ಜನ ಕುಡಿಯುತ್ತಾರೆ ಅಂತ ಇದೆಯಲ್ಲ, ಅದನ್ನು ಒಬ್ಬೊಬ್ಬರನ್ನೇ ಕೇಳಿದ್ದಲ್ಲ. ಮನೆಯ ಒಬ್ಬರು ಎಲ್ಲರ ಪರವಾಗಿ ಹೇಳಿದ್ದು. ಕೊಡವರ ಮನೆಯಲ್ಲಿ ಅದನ್ನು ಹೇಳುವುದಕ್ಕೆ ನಾಚಿಕೆ ಇಲ್ಲ, ಹಬ್ಬಕ್ಕೆ ಹಿರಿಯರಿಗೆ ಎಡೆ ಇಡುವಾಗಲೂ ಇರುತ್ತದೆ. ಬೇರೆ ಜಿಲ್ಲೆಯಲ್ಲಿ ಸೊಸೆ ಮಾವನ ಕುಡಿತವನ್ನು ಹೊಸಬರ ಮುಂದೆ ಹೇಳುತ್ತಾಳಾ? ಎರಡು ಜಿಲ್ಲೆಯ ಕುಡಿತ ಹೋಲಿಸುತ್ತಿದ್ದೇವೆ ಅಂದುಕೊಂಡು ಎಷ್ಟೋ ಸಲ ನಾವು ಹೋಲಿಸುವುದು ಎರಡು ಜಿಲ್ಲೆಯ ಸಂಕೋಚವನ್ನು.

ಇದಕ್ಕಿಂತ ಗಂಭೀರವಾದದ್ದು ಹೊಡೆತದ ಲೆಕ್ಕ. ಗಂಡನಿಂದ ಹಿಂಸೆ ಅನುಭವಿಸಿದ ಹೆಂಗಸರು ಕರ್ನಾಟಕದಲ್ಲಿ ನಾಲ್ಕನೇ ಸುತ್ತಿನಲ್ಲಿ ನೂರಕ್ಕೆ 20.6, ಐದನೇ ಸುತ್ತಿನಲ್ಲಿ 44.4. ನಾಲ್ಕು ವರ್ಷದಲ್ಲಿ ಎರಡರಷ್ಟು. ಆ ವರ್ಷ ಇಡೀ ದೇಶದ ಸರಾಸರಿ 29 ಚಿಲ್ಲರೆ. ನಮ್ಮ ಗಂಡಸರು ನಾಲ್ಕು ವರ್ಷದಲ್ಲಿ ಅಷ್ಟು ಕೆಟ್ಟರಾ, ಅಥವಾ ಹೆಂಗಸರು ಬಾಯಿ ಬಿಟ್ಟರಾ, ಅಥವಾ ಈ ಸಲ ಕೇಳಿದವರಿಗೆ ಕೇಳೋಕೆ ಬರುತ್ತಿತ್ತಾ? ನನ್ನ ಅಂದಾಜಿನಲ್ಲಿ ಮೊದಲನೆಯದಕ್ಕಿಂತ ಉಳಿದೆರಡರ ಪಾಲು ಜಾಸ್ತಿ. ಹಾಗಿದ್ದರೆ ಹಳೆಯ 20.6 ಇನ್ನೂ ಭಯಂಕರ, ಅಷ್ಟು ಜನ ಆಗ ಸುಮ್ಮನಿದ್ದರು ಅಂತ ಆಯಿತು. ಈ ಪ್ರಶ್ನೆಯನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ ಕೇಳುತ್ತಾರೆ, ಅದೂ ಎಲ್ಲ ಮನೆಯಲ್ಲಿ ಅಲ್ಲ. ಪಕ್ಕದಲ್ಲಿ ಯಾರಾದರೂ ಇದ್ದರೆ ಕೇಳುವ ಹಾಗೇ ಇಲ್ಲ, ಬಿಟ್ಟುಬಿಡಬೇಕು. ಒಳ್ಳೆಯ ನಿಯಮ. ಕೇಳಿದ್ದು ಗಂಡನಿಗೆ ಗೊತ್ತಾದರೆ ರಾತ್ರಿ ಅದಕ್ಕೇ ಒದೆ ಬೀಳಬಹುದು. ಆದರೆ ಗೋಡೆ ಮಾಡಿಗೆ ಮುಟ್ಟದ ಲೈನ್ ಮನೆಯಲ್ಲಿ ಈ ನಿಯಮದ ಪ್ರಕಾರ ಈ ಪ್ರಶ್ನೆಯನ್ನು ಯಾವತ್ತೂ ಕೇಳೋಕೇ ಆಗುವುದಿಲ್ಲ. ಹೇಗೂ ಈ ಲೆಕ್ಕ ರಾಜ್ಯಕ್ಕೆ ಮಾತ್ರ ಸಿಗುತ್ತದೆ, ಜಿಲ್ಲೆಗೆ ಇಲ್ಲ. ಕೊಡಗಿನ ಪುಟದಲ್ಲಿ ಅದಕ್ಕೆ ನಕ್ಷತ್ರವೂ ಇಲ್ಲ, ಸಾಲೇ ಇಲ್ಲ.

ಬೀಗ ಹಾಕಿದ ಬಾಗಿಲು

ಈಗ ಆ ಬೀಗಕ್ಕೆ ಬರುತ್ತೇನೆ. ನಮ್ಮಲ್ಲಿ ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾಗುತ್ತದೆ, ಜನವರಿಯಿಂದ ಮಾರ್ಚ್ ತನಕ ರೋಬಸ್ಟಾ, ಜೊತೆಗೆ ಮೆಣಸು. ಲೈನ್ ತುಂಬುವುದು ಆಗ. ಅಸ್ಸಾಂ, ಬಂಗಾಳದವರು, ಪಕ್ಕದ ಜಿಲ್ಲೆಗಳವರು, ಮಕ್ಕಳು ಮರಿ ಸಮೇತ. ಕೆಲಸ ಮುಗಿದ ಮೇಲೆ ಕೆಲವರು ಇಲ್ಲೇ ನಿಲ್ಲುತ್ತಾರೆ, ಬಹಳ ಜನ ಹೊರಡುತ್ತಾರೆ. ಜುಲೈನಿಂದ ಮನೆ ಪಟ್ಟಿ ಮಾಡುತ್ತಾ ಬರುವ ತಂಡಕ್ಕೆ ಕಾಣುವುದು ಖಾಲಿ ಬಾಗಿಲು. ಯಾರೂ ವಾಸ ಇಲ್ಲದ ಮನೆ, ಮುಂದೆ ಹೋಗಿ. ಆ ಜನ ಅಸ್ಸಾಮಿನ ತಮ್ಮ ಊರಲ್ಲಿ ಲೆಕ್ಕಕ್ಕೆ ಸಿಕ್ಕಿರಬಹುದು ಅಂತ ನೀವು ಹೇಳಬಹುದು. ಸಿಕ್ಕಿರಬಹುದು. ಆದರೆ ಅವರ ಮಗುವಿಗೆ ಲಸಿಕೆ ತಪ್ಪುವುದು ಇಲ್ಲಿ, ಹೆರಿಗೆ ನೋವು ಬರುವುದು ಇಲ್ಲಿ, ತಾಯಿ ಕಾರ್ಡ್ ಇಲ್ಲ ಅಂತ ಅಲೆಯುವುದು ಇಲ್ಲಿಯ ಆಸ್ಪತ್ರೆಯಲ್ಲಿ. ಇಲ್ಲೇ ನಿಂತವರಿಗೂ ಭಾಷೆಯ ತೊಡಕು. ಕೊನೆಯ ಸಲ ಮುಟ್ಟಾದದ್ದು ಯಾವಾಗ ಅಂತ ಕನ್ನಡದಲ್ಲಿ ಕೇಳಿದರೆ, ಅದನ್ನು ಅರೆಬರೆ ಹಿಂದಿಯಲ್ಲಿ ತಿಳಿಸಿ ಹೇಳುವವನು ಮೇಸ್ತ್ರಿ. ಅವನ ಮುಂದೆ ಯಾವ ಹೆಂಗಸು ಉತ್ತರ ಕೊಡುತ್ತಾಳೆ?

ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತದೆ ಅಂತ ಐದನೇ ಸುತ್ತು ಹೇಳಿತು. ಇದನ್ನು ನಾನು ನಂಬುತ್ತೇನೆ. ಆಶಾ ಕಾರ್ಯಕರ್ತೆಯರು ಮಳೆಯಲ್ಲಿ ಗುಡ್ಡ ಹತ್ತಿ ಇಳಿದು ಕಟ್ಟಿದ ನಂಬರ್ ಅದು, ಯಾರೂ ಆಫೀಸಲ್ಲಿ ಕೂತು ಬರೆದದ್ದಲ್ಲ. ನನ್ನ ತಕರಾರು ಆ 97ರ ಬಗ್ಗೆ ಅಲ್ಲ. ಉಳಿದ ಮೂರು ಎಲ್ಲಿದೆ ಅಂತ ಹುಡುಕುವಾಗ ನಾವು ನೋಡುವುದು ಫ್ಯಾಕ್ಟ್ ಶೀಟನ್ನು, ನೋಡಬೇಕಾದದ್ದು ಬೀಗ ಹಾಕಿದ ಬಾಗಿಲನ್ನು. ಮನೆಯಲ್ಲಿ ಟಿವಿ, ಜೀಪು ಇರುವ ನಾವು "ನಮ್ಮನ್ನು ಯಾರು ಕೇಳಿದ್ರು" ಅಂತ ರೇಗುತ್ತೇವೆ. ನಮ್ಮ ಹಾಗೇ ಇರುವ ಇನ್ನೊಬ್ಬರನ್ನು ಕೇಳಿ ನಮ್ಮ ಲೆಕ್ಕ ಸರಿಯಾಗಿಯೇ ಬಂದಿರುತ್ತದೆ. ಫೆಬ್ರವರಿಯಲ್ಲಿ ಬಂದು ಏಪ್ರಿಲಿನಲ್ಲಿ ಹೋಗುವವಳ ಪರವಾಗಿ ಉತ್ತರ ಕೊಡಲು ಆ 22 ಮನೆಗಳಲ್ಲಿ ಯಾರೂ ಇರುವುದಿಲ್ಲ.

ಈ ಸಮೀಕ್ಷೆಗಳು ಹಳ್ಳಿಗಳನ್ನು ಆರಿಸುವುದು ಜನಗಣತಿಯ ಪಟ್ಟಿಯಿಂದ. ಐದನೇ ಸುತ್ತಿಗೂ 2011ರ ಪಟ್ಟಿಯೇ ಗತಿಯಾಗಿತ್ತು. ಅದಾದ ಮೇಲೂ ಹೊಸ ಪಟ್ಟಿ ಬರಲಿಲ್ಲ, 2021ರ ಜನಗಣತಿ ನಡೆಯಲೇ ಇಲ್ಲವಲ್ಲ. 2011ರಿಂದ ಈಚೆಗೆ ಕೊಡಗು ಎಷ್ಟು ಬದಲಾಗಿದೆ ಅಂತ ನಾನು ಹೇಳಬೇಕಾಗಿಲ್ಲ. ಗುಡ್ಡ ಕುಸಿದು ಎಷ್ಟೋ ಜನ ಹೊಸ ಬಡಾವಣೆಗಳಿಗೆ ಹೋದರು, ಊರೂರಲ್ಲಿ ಹೋಂಸ್ಟೇ ಎದ್ದವು, ಲೈನುಗಳಲ್ಲಿ ಮಾತನಾಡುವ ಭಾಷೆಯೇ ಬದಲಾಯಿತು. ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ ಅಂತ ನಿಗದಿಯಾಗಿದೆ, ಮಾರ್ಚ್ 1ರ ಲೆಕ್ಕಕ್ಕೆ. ಫೆಬ್ರವರಿ ಅಂದರೆ ರೋಬಸ್ಟಾ ಕೊಯ್ಲಿನ ನಡು ಮಧ್ಯ, ಲೈನ್ ತುಂಬಿ ತುಳುಕುವ ತಿಂಗಳು. ಮೊನ್ನೆ ಇದನ್ನು ಎಸ್ಟೇಟ್ ನಡೆಸುವ ಗೆಳೆಯನೊಬ್ಬನಿಗೆ ಹೇಳಿದೆ, ನಿಮ್ಮ ಲೈನಿನವರೆಲ್ಲ ಈ ಸಲವಾದರೂ ಪಟ್ಟಿಗೆ ಬರಲಿ, ಗೇಟಲ್ಲಿ ರೈಟರಿಗೆ ಈಗಲೇ ಹೇಳಿಡು ಅಂತ. ಅವನಿಗೆ ತಲೆಬಿಸಿ ಬೇರೆ. "ಪಿಕ್ಕಿಂಗ್ ಟೈಮಲ್ಲಿ ಬಂದ್ರೆ ಕೆಲಸ ಬಿಟ್ಟು ಯಾರು ಮಾರಾಯಾ ಕೂತು ಉತ್ತರ ಕೊಡ್ತಾರೆ?" ಅಂದ. ಸಂಜೆ ಐದರ ಮೇಲೆ ಬರೋಕೆ ಹೇಳು, ಅಷ್ಟು ಹೊತ್ತಿಗೆ ತೂಕ ಮುಗಿದು ಎಲ್ಲರೂ ಲೈನಲ್ಲೇ ಇರ್ತಾರೆ ಅಂದೆ. "ನೋಡೋಣ" ಅಂದಿದ್ದಾನೆ.